ಕೋಳಿಯ ಕೀವು ಹರಿಯುವುದಿಲ್ಲ, ಯಾಕೆ?

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ಮನೆಯಲ್ಲಿ ಮಲೆನಾಡು ಗಿಡ್ಡ ಹಸುಗಳಿವೆ, ಒಂದಿಷ್ಟು ನಾಟಿ ಕೋಳಿಗಳಿವೆ. ಈಚೆಗೆ ಒಂದು ಹೇಂಟೆಯ ಪಾದ ಊದಿಕೊಂಡಿತು. ಹಸುವಿಗೆ ಕುರು ಆದಾಗ ಕೀವು ಒಡೆದು ಹರಿದು ಹೋಗಿತ್ತು. ಕೋಳಿಯದ್ದು ಎಷ್ಟು ಒತ್ತಿದರೂ ಏನೂ ಬರಲಿಲ್ಲ. ಡಾಕ್ಟರು ಸೀಳಿ ನೋಡಿದರೆ ಒಳಗೆ ಪನೀರ್ ತುಂಡಿನ ಹಾಗೆ ಹಳದಿ ಗಟ್ಟಿ. ಹೀಗ್ಯಾಕೆ? ಹಕ್ಕಿಗಳು ವಿಕಾಸದಲ್ಲಿ ನಮಗಿಂತ ಕೆಳಗಿನ ಮೆಟ್ಟಿಲಲ್ಲಿವೆ, ಅವುಗಳ ರೋಗ ನಿರೋಧಕ ಶಕ್ತಿ ಇನ್ನೂ ಅರ್ಧ ಬೆಳೆದದ್ದು ಎಂದು ಪಿಯುಸಿ ಓದುವ ಮಗ ಹೇಳುತ್ತಾನೆ. ನಿಜವಾ? ಇನ್ನೊಂದು ವಿಷಯ. ಮರಿಗಳಿಗೆ ಐದನೇ ದಿನವೇ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಹಾಕಿಸಿದ್ದೆವು. ಆದರೂ ಬೇಸಿಗೆಯಲ್ಲಿ ಅರ್ಧದಷ್ಟು ಸತ್ತವು. ಅದಕ್ಕೂ ಇದೇ ಕಾರಣವಾ?

ಉತ್ತರ: ನಿಮ್ಮ ಮಗನ ಮಾತಿನಿಂದಲೇ ಶುರು ಮಾಡುತ್ತೇನೆ. ಉಳಿದೆರಡು ಪ್ರಶ್ನೆಗಳಿಗೂ ದಾರಿ ಅಲ್ಲಿಂದಲೇ ಹೋಗುತ್ತದೆ. ಮೀನು, ಕಪ್ಪೆ, ಹಾವು, ಹಕ್ಕಿ, ಸಸ್ತನಿ ಎಂದು ಒಂದರ ಮೇಲೊಂದು ಬರೆದು, ತುತ್ತತುದಿಯಲ್ಲಿ ಮನುಷ್ಯನನ್ನು ನಿಲ್ಲಿಸಿದ ಚಿತ್ರ ನೋಡಿಯೇ ನಾವೆಲ್ಲ ಬೆಳೆದದ್ದು. ಹುಡುಗ ಹಾಗೆ ಅಂದುಕೊಂಡರೆ ಆಶ್ಚರ್ಯ ಇಲ್ಲ. ಆದರೆ ಸಸ್ತನಿಗಳು ಹಕ್ಕಿಗಳಿಂದ ಬಂದವರಲ್ಲ. ಸುಮಾರು 32 ಕೋಟಿ ವರ್ಷದ ಹಿಂದೆ, ನೋಡಲು ಹಲ್ಲಿಯಂತಿದ್ದ ಪ್ರಾಣಿಗಳ ಒಂದು ವಂಶ ಎರಡು ಕವಲಾಯಿತು. ಒಂದು ಕವಲಿನಲ್ಲಿ ಹಾವು, ಆಮೆ, ಮೊಸಳೆ, ಡೈನೋಸಾರ್ ಬಂದವು. ಡೈನೋಸಾರ್‌ಗಳ ಒಂದು ಕುಡಿಯೇ ಹಕ್ಕಿ. ಇನ್ನೊಂದು ಕವಲಿನಲ್ಲಿ ನಾವು, ನಿಮ್ಮ ಹಸು, ಮಂಗ, ಇಲಿ, ಬಾವಲಿ. ಕವಲೊಡೆದ ಮೇಲೆ ಇಬ್ಬರಿಗೂ ಸಿಕ್ಕ ಸಮಯ ಒಂದೇ. ನಮ್ಮ ಕಡೆಯವರು ರೋಗಾಣುಗಳ ಜೊತೆ ಹೊಡೆದಾಡುತ್ತಿದ್ದಾಗ ಕೋಳಿಯ ಕಡೆಯವರು ಸುಮ್ನೆ ಕೂತಿರಲಿಲ್ಲ.

ಹಾಗಾದರೆ ಇಬ್ಬರಿಗೂ ಸೇರಿದ ಹಳೆಯ ಆಸ್ತಿ ಯಾವುದು? ಅದೇನು ಕಡಿಮೆ ಇಲ್ಲ. ಥೈಮಸ್ ಗ್ರಂಥಿ, ಅಲ್ಲಿ ತಯಾರಾಗುವ ಟಿ ಕಣ, ರೋಗಾಣುವಿಗೆ ಅಂಟಿಕೊಂಡು ತಡೆಯುವ ಪ್ರೋಟೀನನ್ನು, ಅಂದರೆ ಪ್ರತಿಕಾಯವನ್ನು, ತಯಾರಿಸುವ ಬಿ ಕಣ, ಒಮ್ಮೆ ಬಂದ ರೋಗವನ್ನು ನೆನಪಿಡುವ ಗುಣ, ಇವೆಲ್ಲ ದವಡೆ ಇರುವ ಮೀನುಗಳ ಕಾಲಕ್ಕೇ ಬಂದಿದ್ದವು. ಅಂದರೆ 40–50 ಕೋಟಿ ವರ್ಷದ ಹಿಂದಿನ ಮಾತು. ಇವತ್ತಿನ ಶಾರ್ಕ್ ಮೀನಿನಲ್ಲೂ ಇವೆಲ್ಲ ಇವೆ. ದವಡೆಯೇ ಇಲ್ಲದ ಲ್ಯಾಂಪ್ರೇ ಎಂಬ ಮೀನಿನ ವಿಷಯ ಇನ್ನೂ ವಿಚಿತ್ರ. ಅದರಲ್ಲಿ ನಮ್ಮ ಥರದ ಪ್ರತಿಕಾಯಗಳೇ ಇಲ್ಲ. ಬೇರೆಯದೇ ಪ್ರೋಟೀನಿನಿಂದ ಅದೇ ಕೆಲಸ ಮಾಡಿಕೊಳ್ಳುತ್ತದೆ ಎಂದು 2004ರಲ್ಲಿ ಗೊತ್ತಾಯಿತು. ಆದರೂ ಅದರಲ್ಲಿ ಟಿ ಥರದ್ದೊಂದು, ಬಿ ಥರದ್ದೊಂದು, ಹೀಗೆ ಎರಡು ಜಾತಿಯ ಕಣ ಇವೆ. ಕೆಲಸ ಹಂಚಿಕೊಳ್ಳುವ ಪದ್ಧತಿ ಪ್ರತಿಕಾಯಕ್ಕಿಂತಲೂ ಹಳೆಯದು ಎಂದಾಯಿತು, ಅಲ್ವಾ?

ಈ ಹಳೆಯ ಆಸ್ತಿಯನ್ನು ಹಿಡಿದು ಎರಡು ಮನೆಯವರು ಬೇರೆ ಬೇರೆ ಸಂಸಾರ ಹೂಡಿದರು. ನೀವು ನೋಡಿದ ಗಟ್ಟಿ ಕೀವು ಅದರ ಒಂದು ಗುರುತು.

ಗಾಯಕ್ಕೆ ರೋಗಾಣು ಹೊಕ್ಕಾಗ ಮೊದಲು ಓಡಿ ಬರುವ ಬಿಳಿ ರಕ್ತಕಣಕ್ಕೆ ನಮ್ಮಲ್ಲಿ, ಹಸುವಿನಲ್ಲಿ ನ್ಯೂಟ್ರೋಫಿಲ್ ಎನ್ನುತ್ತಾರೆ. ಕೋಳಿಯಲ್ಲಿ ಅದೇ ಜಾಗದಲ್ಲಿ ಇರುವುದು ಹೆಟೆರೋಫಿಲ್. ಸೂಕ್ಷ್ಮದರ್ಶಕದಲ್ಲಿ ಇವೆರಡನ್ನು ಗುರುತಿಸಲು ಪಳಗಿದ ಕಣ್ಣೇನೂ ಬೇಕಿಲ್ಲ. ಬಣ್ಣ ಹಾಕಿದ ಗಾಜಿನ ಮೇಲೆ ನ್ಯೂಟ್ರೋಫಿಲ್ ಮಸುಕಾಗಿ ಕಾಣುತ್ತದೆ. ಹೆಟೆರೋಫಿಲ್‌ನ ಒಳಗೆ ಇಟ್ಟಿಗೆ ಕೆಂಪಿನ ಸಣ್ಣ ಸಣ್ಣ ಕಡ್ಡಿಗಳು ತುಂಬಿರುತ್ತವೆ. ಎರಡರ ಕೆಲಸವೂ ಒಂದೇ: ರೋಗಾಣುವನ್ನು ನುಂಗು, ಕೊಲ್ಲು, ತಾನೂ ಸಾಯಿ. ಕೊಲ್ಲುವ ರೀತಿ ಮಾತ್ರ ಬೇರೆ. ನ್ಯೂಟ್ರೋಫಿಲ್‌ನಲ್ಲಿ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವ ಇದೆ. ಅದು ಕಣದೊಳಗೆ ಬ್ಲೀಚಿಂಗ್ ಪೌಡರಿನಲ್ಲಿರುವ ಜಾತಿಯ ವಸ್ತುವನ್ನೇ ತಯಾರಿಸಿ ರೋಗಾಣುವನ್ನು ಸುಡುತ್ತದೆ. ಕೀವಿಗೆ ಕೆಲವೊಮ್ಮೆ ಹಸಿರು ಛಾಯೆ ಬರುವುದು ಈ ಕಿಣ್ವದ ಬಣ್ಣದಿಂದ. ಇದರ ಜೊತೆಗೆ ಸುತ್ತಲಿನ ಮಾಂಸವನ್ನೇ ಕರಗಿಸುವ ಬೇರೆ ಕಿಣ್ವಗಳೂ ಇವೆ. ಸತ್ತ ಕಣ, ಸತ್ತ ರೋಗಾಣು, ಕರಗಿದ ಮಾಂಸ ಎಲ್ಲ ಸೇರಿ ನೀರಾಗುತ್ತದೆ. ಹಸುವಿನ ಕುರುವಿನಿಂದ ಹರಿದದ್ದು ಅದು.

ಹೆಟೆರೋಫಿಲ್‌ನಲ್ಲಿ ಮೈಲೋಪೆರಾಕ್ಸಿಡೇಸ್ ಇಲ್ಲ. ಅದು ಹೆಚ್ಚಾಗಿ ನಂಬಿರುವುದು ಡಿಫೆನ್ಸಿನ್ ಎಂಬ ಚಿಕ್ಕ ಪ್ರೋಟೀನುಗಳನ್ನು. ಅವು ರೋಗಾಣುವಿನ ಹೊರಪದರಕ್ಕೆ ತೂತು ಹಾಕಿ ಕೊಲ್ಲುತ್ತವೆ. ಕೊಲ್ಲುವುದೇನೋ ಆಗುತ್ತದೆ, ಕರಗಿಸುವುದು ಆಗುವುದಿಲ್ಲ. ಸತ್ತದ್ದೆಲ್ಲ ಅಲ್ಲೇ ಒಣಗಿ ಪದರ ಪದರವಾಗಿ ಗಟ್ಟಿ ಕಟ್ಟುತ್ತದೆ. ಸುತ್ತ ಒಂದು ಗೋಡೆಯೂ ಏಳುತ್ತದೆ. ಇದರಿಂದ ಒಂದು ಲಾಭ ಇದೆ. ರೋಗಾಣು ಅಲ್ಲಿಗಲ್ಲಿಗೇ ಕಟ್ಟಿಹಾಕಿದಂತಾಗಿ ಮೈಯೆಲ್ಲ ಹರಡುವುದು ತಪ್ಪುತ್ತದೆ. ನಷ್ಟ ಏನೆಂದರೆ ಆ ಗಂಟು ತಾನಾಗಿ ಕರಗುವುದಿಲ್ಲ. ಔಷಧವೂ ಅದರೊಳಗೆ ಸರಿಯಾಗಿ ಇಳಿಯುವುದಿಲ್ಲ. ಅದಕ್ಕೇ ನಿಮ್ಮ ಡಾಕ್ಟರು ಬರೀ ಇಂಜೆಕ್ಷನ್ ಕೊಟ್ಟು ಕಳಿಸದೆ ಸೀಳಿ ತೆಗೆದದ್ದು. ಸರಿಯಾಗಿಯೇ ಮಾಡಿದ್ದಾರೆ. ಮನೆಯಲ್ಲಿ ಒತ್ತಿದರೆ ಗೋಡೆ ಒಡೆದು ರೋಗಾಣು ಒಳಗಿನ ಸ್ನಾಯು, ಮೂಳೆಗೆ ಇಳಿಯುವ ಅಪಾಯ ಇದೆ. ಪಾದದ ಈ ಊತಕ್ಕೆ ಸಾಮಾನ್ಯವಾಗಿ ಕಾರಣ ಸ್ಟೆಫೈಲೋಕಾಕಸ್ ಎಂಬ ಬ್ಯಾಕ್ಟೀರಿಯಾ. ಅದು ಒಳಗೆ ಹೋಗಲು ಒಂದು ಸಣ್ಣ ಗೀರು ಸಾಕು. ಕೋಳಿ ರಾತ್ರಿ ಕೂರುವ ಕೋಲಿನಲ್ಲಿ ಸಿಬಿರು ಇದ್ದರೆ, ಎತ್ತರದಿಂದ ಗಟ್ಟಿ ನೆಲಕ್ಕೆ ಹಾರುತ್ತಿದ್ದರೆ, ಮಳೆಗಾಲದ ಕೆಸರಿನಲ್ಲಿ ಪಾದ ಸದಾ ನೆನೆದಿದ್ದರೆ ಗೀರು ಬಿದ್ದೇ ಬೀಳುತ್ತದೆ. ಕೋಲು ಬದಲಿಸಿ, ಗೂಡಿನ ನೆಲಕ್ಕೆ ಒಣ ತರಗು ಹಾಕಿ.

ಈಗ ನಿಮ್ಮ ಮಗನಿಗೆ ಒಂದು ಮಾತು ಕೇಳಿ. ಮೊಲದ ಕೀವೂ ಗಟ್ಟಿಯೇ. ಅದನ್ನು ಸಾಕುವವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು, ಕತ್ತರಿಸಿಯೇ ತೆಗೆಸಬೇಕು. ಮೊಲ ಸಸ್ತನಿ ತಾನೇ? ಮೆಟ್ಟಿಲಿನ ಲೆಕ್ಕ ಇಟ್ಟುಕೊಂಡರೆ ಅದನ್ನು ಎಲ್ಲಿ ಕೂರಿಸುತ್ತಾನೆ?

ಕೋಳಿಯ ರಕ್ತದಲ್ಲಿ ಇನ್ನೂ ಒಂದೆರಡು ವಿಶೇಷ ಇವೆ. ಅದರ ಕೆಂಪು ಕಣಕ್ಕೆ ನಡುವೆ ಕೋಶಕೇಂದ್ರ ಇದೆ, ನಮ್ಮದಕ್ಕೆ ಇಲ್ಲ. ರಕ್ತ ಹೆಪ್ಪುಗಟ್ಟಿಸಲು ನಮ್ಮಲ್ಲಿ ಪ್ಲೇಟ್‌ಲೆಟ್ ಎಂಬ ಚೂರುಗಳಿದ್ದರೆ ಕೋಳಿಯಲ್ಲಿ ಥ್ರಾಂಬೋಸೈಟ್ ಎಂಬ ಪೂರ್ತಿ ಕಣವೇ ಇದೆ. ಅದು ಹೆಪ್ಪುಗಟ್ಟಿಸುವುದರ ಜೊತೆಗೆ ರೋಗಾಣುವನ್ನೂ ನುಂಗುತ್ತದೆ. ಇದರಿಂದ ಲ್ಯಾಬಿನವರಿಗೆ ಮಾತ್ರ ತಲೆನೋವು. ಮನುಷ್ಯರ ರಕ್ತ ಎಣಿಸುವ ಯಂತ್ರಕ್ಕೆ ಕೋಳಿಯ ರಕ್ತ ಕೊಟ್ಟರೆ ಕೋಶಕೇಂದ್ರ ಇರುವ ಕೆಂಪು ಕಣವನ್ನೂ ಬಿಳಿ ಕಣ ಅಂದುಕೊಂಡು ತಪ್ಪು ಲೆಕ್ಕ ಕೊಡುತ್ತದೆ. ಹಾಗಾಗಿ ಕೋಳಿಯ ಬಿಳಿ ಕಣಗಳನ್ನು ಇವತ್ತಿಗೂ ಹೆಚ್ಚಾಗಿ ಕಣ್ಣಿಟ್ಟು ಕೈಯಲ್ಲೇ ಎಣಿಸುವುದು.

ಇನ್ನು ನಿಜವಾಗಿ ಸ್ವಾರಸ್ಯದ ಭಾಗಕ್ಕೆ ಬರುತ್ತೇನೆ. ಮುಂದಿನ ಸಲ ಮನೆಯಲ್ಲಿ ಎಳೆ ಕೋಳಿ ಕೊಯ್ದಾಗ ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊದಲು ಕುತ್ತಿಗೆಯ ಚರ್ಮ ಬಿಡಿಸಿ. ಎರಡೂ ಬದಿಯಲ್ಲಿ, ದೊಡ್ಡ ರಕ್ತನಾಳದ ಪಕ್ಕದಲ್ಲೇ, ತಿಳಿ ಗುಲಾಬಿ ಬಣ್ಣದ ಮೆತ್ತನೆಯ ತುಣುಕುಗಳು ಸಾಲಾಗಿ ಕಾಣುತ್ತವೆ. ಒಂದೊಂದು ಬದಿಗೆ ಏಳರ ಆಸುಪಾಸು. ಅದು ಥೈಮಸ್. ನಮ್ಮಲ್ಲಿ ಅದು ಎದೆಗೂಡಿನೊಳಗೆ, ಹೃದಯದ ಮೇಲ್ಗಡೆ ಇರುತ್ತದೆ. ಆಮೇಲೆ ಕೋಳಿಯ ಹಿಂಭಾಗ ನೋಡಿ. ಕರುಳು ಹೊರಗೆ ತೆರೆಯುವ ಜಾಗದಲ್ಲಿ, ಬೆನ್ನಿನ ಕಡೆಗೆ ಅಂಟಿಕೊಂಡು ಒಂದು ಉರುಟು ಗಂಟು ಇರುತ್ತದೆ. ಬಣ್ಣ ಬಿಳಿಚು ಹಳದಿ. ಒಂದೂವರೆ ತಿಂಗಳ ಮರಿಯಲ್ಲಿ ಸುಮಾರು ಎರಡು ಸೆಂಟಿಮೀಟರ್ ಅಗಲ. ಸೀಳಿದರೆ ಒಳಗೆ ಉದ್ದುದ್ದ ಮಡಿಕೆಗಳು, ಮೇಲೆ ತೆಳುವಾದ ಲೋಳೆ. ಇದು ಬರ್ಸಾ. ಮೊಟ್ಟೆ ಇಡಲು ಶುರು ಮಾಡಿದ ಹೇಂಟೆಯಲ್ಲಿ ಹುಡುಕಬೇಡಿ, ಅಷ್ಟರಲ್ಲಿ ಅದು ಕುಗ್ಗಿ ಹೋಗಿರುತ್ತದೆ. ಅಡುಗೆ ಮಾಡುವವರು ಇದನ್ನು ದಿನಾ ಕತ್ತರಿಸಿ ಬಿಸಾಕುತ್ತಾರೆ, ಏನೆಂದು ಕೇಳಿದವರು ಕಡಿಮೆ.

ಕೇಳಿದವರಲ್ಲಿ ಮೊದಲಿಗ ಇಟಲಿಯ ಪಾಡುವಾದ ಫ್ಯಾಬ್ರಿಸಿಯಸ್. ಆತ ಬರೆದದ್ದು ಅಚ್ಚಾದದ್ದು ಆತ ತೀರಿಕೊಂಡ ಮೇಲೆ, 1621ರಲ್ಲಿ. ಅಲ್ಲಿಂದ ಮುನ್ನೂರು ವರ್ಷಕ್ಕೂ ಜಾಸ್ತಿ ಕಾಲ ಆ ಚೀಲದ ಕೆಲಸ ಏನೆಂದು ಯಾರಿಗೂ ಗೊತ್ತಾಗಲಿಲ್ಲ. 1950ರ ದಶಕದಲ್ಲಿ ಅಮೆರಿಕದ ಒಹಾಯೋದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ ಇದರ ಕೆಲಸ ಏನು ಎಂದು ಮೇಷ್ಟ್ರನ್ನು ಕೇಳಿದ. ನೀನೇ ಕಂಡುಹಿಡಿ ಎಂದರು ಅವರು. ಗ್ಲಿಕ್ ಮರಿಗಳ ಬರ್ಸಾ ತೆಗೆದು ಸಾಕಿದ. ಅವು ಚೆನ್ನಾಗಿಯೇ ಬೆಳೆದವು, ಹೇಳಿಕೊಳ್ಳುವಂಥ ವ್ಯತ್ಯಾಸ ಏನೂ ಕಾಣಲಿಲ್ಲ. ಅಷ್ಟರಲ್ಲಿ ಅವನ ಸಹಪಾಠಿ ತಿಮೋತಿ ಚಾಂಗ್‌ಗೆ ತರಗತಿಯಲ್ಲಿ ಪ್ರತಿಕಾಯ ತೋರಿಸಲು ಕೆಲವು ಕೋಳಿ ಬೇಕಾದವು. ಗ್ಲಿಕ್‌ನ ಹತ್ತಿರ ಉಳಿದಿದ್ದ ಕೋಳಿಗಳನ್ನೇ ತಂದು ಸಾಲ್ಮೊನೆಲ್ಲಾ ಚುಚ್ಚಿದ. ಕೆಲವು ಸತ್ತವು. ಬದುಕಿದವುಗಳ ರಕ್ತದಲ್ಲಿ ಪ್ರತಿಕಾಯವೇ ಇಲ್ಲ. ಪಾಠ ಕೆಟ್ಟಿತು. ಆದರೆ ಇಬ್ಬರೂ ಕೂತು ನೋಡಿದಾಗ ಪ್ರತಿಕಾಯ ಇಲ್ಲದವೆಲ್ಲ ಬರ್ಸಾ ಕಳೆದುಕೊಂಡ ಕೋಳಿಗಳು! ದೊಡ್ಡ ಪತ್ರಿಕೆಯೊಂದು ಆ ಲೇಖನವನ್ನು ಬೇಡವೆಂದಿತು. ಕೊನೆಗೆ 1956ರಲ್ಲಿ ಕೋಳಿ ಸಾಕಣೆಯ ವಿಜ್ಞಾನ ಪತ್ರಿಕೆಯೊಂದರಲ್ಲಿ ಬಂತು. ಮನುಷ್ಯರ ಡಾಕ್ಟರುಗಳು ಕೋಳಿ ಪತ್ರಿಕೆ ಯಾಕೆ ಓದುತ್ತಾರೆ? ಹಲವು ವರ್ಷ ಅದು ಹಾಗೇ ಬಿದ್ದಿತ್ತು.

1961ರಲ್ಲಿ ಜಾಕ್ ಮಿಲ್ಲರ್ ಇಲಿಗಳ ಥೈಮಸ್ ತೆಗೆದು ಅದರ ಮಹತ್ವ ತೋರಿಸಿದರು. 1965ರಲ್ಲಿ ಮಿನ್ನೆಸೋಟಾದ ಮ್ಯಾಕ್ಸ್ ಕೂಪರ್ ಮತ್ತು ಸಂಗಡಿಗರು ಎರಡನ್ನೂ ಕೋಳಿಯಲ್ಲೇ ಕೂಡಿಸಿದರು. ಆಗತಾನೆ ಹೊರಬಂದ ಮರಿಗಳಿಗೆ ವಿಕಿರಣ ಕೊಟ್ಟು ಹಳೆಯ ಕಣಗಳನ್ನು ಅಳಿಸಿದರು. ಕೆಲವಕ್ಕೆ ಬರ್ಸಾ ತೆಗೆದರು, ಕೆಲವಕ್ಕೆ ಥೈಮಸ್. ಬರ್ಸಾ ಇಲ್ಲದವುಗಳಲ್ಲಿ ಪ್ರತಿಕಾಯ ಇಲ್ಲ, ಆದರೆ ಹೊರಗಿನ ಚರ್ಮ ಕಸಿ ಮಾಡಿದರೆ ತಿರಸ್ಕರಿಸುವ ಶಕ್ತಿ ಇದೆ. ಥೈಮಸ್ ಇಲ್ಲದವುಗಳಲ್ಲಿ ಆ ಶಕ್ತಿಯೇ ಕುಂದಿತ್ತು. ರೋಗ ನಿರೋಧಕ ಶಕ್ತಿಗೆ ಎರಡು ಬೇರೆ ಬೇರೆ ಕೈಗಳಿವೆ ಎಂದು ಜಗತ್ತಿಗೆ ಗೊತ್ತಾದದ್ದು ಹೀಗೆ. ಟಿ ಎಂದರೆ ಥೈಮಸ್‌ನದು, ಬಿ ಎಂದರೆ ಬರ್ಸಾದ್ದು. ಇವತ್ತು ಮಕ್ಕಳಿಗೆ ಪ್ರತಿಕಾಯದ ಕೊರತೆ ಇದ್ದರೆ ದೊಡ್ಡಾಸ್ಪತ್ರೆಯಲ್ಲಿ ಬಿ ಕಣ ಎಣಿಸುತ್ತಾರಲ್ಲ, ಆ ಬಿ ಕೋಳಿಯ ಹಿಂಭಾಗದಿಂದ ಬಂದದ್ದು.

ಆಮೇಲೆ ನಡೆದದ್ದೇ ತಮಾಷೆ. ಕೋಳಿಗೆ ಬರ್ಸಾ ಇದ್ದರೆ ಮನುಷ್ಯನಿಗೂ ಎಲ್ಲೋ ಇರಲೇಬೇಕು ಎಂದು ಹುಡುಕಾಟ ಶುರುವಾಯಿತು. ಟಾನ್ಸಿಲ್ ನೋಡಿದರು, ಅಪೆಂಡಿಕ್ಸ್ ನೋಡಿದರು, ಕರುಳಿನ ಗೋಡೆ ನೋಡಿದರು. ಒಂಬತ್ತು-ಹತ್ತು ವರ್ಷ ಕಳೆದು 1974ರ ಹೊತ್ತಿಗೆ ತಿಳಿದದ್ದು ಇಷ್ಟು: ನಮ್ಮಲ್ಲಿ ಹಾಗೊಂದು ಚೀಲವೇ ಇಲ್ಲ. ಹೊಟ್ಟೆಯಲ್ಲಿರುವ ಮಗುವಿನ ಲಿವರ್, ಹುಟ್ಟಿದ ಮೇಲೆ ಮೂಳೆಯ ಮಜ್ಜೆ, ಇವೇ ಬಿ ಕಣ ತಯಾರಾಗುವ ಜಾಗ. ಇಬ್ಬರೂ ಒಂದೇ ಮೆಟ್ಟಿಲಿನ ಸಾಲಿನಲ್ಲಿದ್ದಾರೆ ಎಂದು ನಂಬಿಕೊಂಡಿದ್ದರಿಂದಲೇ ಆ ಹುಡುಕಾಟ ಅಷ್ಟು ಉದ್ದವಾಯಿತು ಎಂದು ನನ್ನ ಅಭಿಪ್ರಾಯ. ಸಸ್ತನಿಗಳೆಲ್ಲ ಒಂದೇ ಥರ ಎನ್ನುವುದೂ ಇಲ್ಲ. ಕುರಿಮರಿಯ ಬಿ ಕಣಗಳು ಹೆಚ್ಚಾಗಿ ಪಳಗುವುದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ಮೊಲದ್ದು ಅಪೆಂಡಿಕ್ಸ್‌ನಲ್ಲಿ.

ಬರ್ಸಾದ ಒಳಗೆ ಏನು ನಡೆಯುತ್ತದೆ? ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಜಗತ್ತಿನಲ್ಲಿ ಎಷ್ಟು ಥರದ ರೋಗಾಣು ಬರಬಹುದು ಎಂದು ಮೈಗೆ ಮೊದಲೇ ಗೊತ್ತಿರುವುದಿಲ್ಲ. ಹಾಗಾಗಿ ಕೋಟಿಗಟ್ಟಲೆ ಬೇರೆ ಬೇರೆ ಪ್ರತಿಕಾಯ ಮೊದಲೇ ತಯಾರಿರಬೇಕು. ಒಂದೊಂದಕ್ಕೂ ಒಂದೊಂದು ಜೀನ್ ಇಡಲು ಆಗುವುದಿಲ್ಲ, ಅಷ್ಟು ಜೀನ್ ಯಾರಲ್ಲೂ ಇಲ್ಲ. ನಮ್ಮಲ್ಲಿ ಇದಕ್ಕೆ ಕಂಡುಕೊಂಡ ದಾರಿ ಬೆರೆಸುವುದು. ಪ್ರತಿಕಾಯದ ಜೀನ್ ತುಂಡು ತುಂಡಾಗಿದೆ. ಒಂದು ಥರದ ತುಂಡು ನಲವತ್ತರಷ್ಟು, ಇನ್ನೊಂದು ಥರದ್ದು ಇಪ್ಪತ್ತರ ಮೇಲೆ, ಮತ್ತೊಂದು ಆರು. ಪ್ರತಿ ಬಿ ಕಣವೂ ಒಂದೊಂದು ತುಂಡು ಆರಿಸಿ, ಕತ್ತರಿಸಿ, ಜೋಡಿಸಿಕೊಳ್ಳುತ್ತದೆ. ಜೋಡಿಸುವ ಕಡೆ ಒಂದೆರಡು ಅಕ್ಷರ ಹೆಚ್ಚು ಕಮ್ಮಿ ಆಗುತ್ತದೆ, ಅದರಿಂದ ಇನ್ನಷ್ಟು ಬಗೆ. ಇದನ್ನು ತೋರಿಸಿದ ಸುಸುಮು ಟೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಬಂತು.

ಕೋಳಿಯಲ್ಲಿ ಆ ಮೊದಲ ಥರದ ತುಂಡು ಕೆಲಸ ಮಾಡುವ ಸ್ಥಿತಿಯಲ್ಲಿ ಇರುವುದು ಒಂದೇ ಒಂದು. ಬೆರೆಸಿದರೂ ಜಾಸ್ತಿ ಬಗೆ ಹುಟ್ಟುವುದಿಲ್ಲ. ಹಾಗಾದರೆ ಕೋಳಿಗೆ ಪ್ರತಿಕಾಯಗಳು ಕಡಿಮೆಯಾ? ಇಲ್ಲ. ಆ ಒಂದು ಜೀನಿನ ಪಕ್ಕದಲ್ಲೇ ಸುಳ್ಳು ಜೀನ್‌ಗಳ ಒಂದು ಸಾಲು ಇದೆ. ಪ್ರತಿಕಾಯದ ಒಂದು ಭಾಗಕ್ಕೆ ಅಂಥವು ಇಪ್ಪತ್ತೈದರಷ್ಟು, ಇನ್ನೊಂದು ಭಾಗಕ್ಕೆ ಎಂಬತ್ತರ ಆಸುಪಾಸು. ಅವು ತಾವಾಗಿ ಪ್ರೋಟೀನ್ ಮಾಡಲಾರವು. ಬರ್ಸಾದೊಳಗೆ ಬಿ ಕಣ ವಿಭಜನೆ ಆಗುತ್ತಾ ಹೋದಂತೆ ಆ ಸುಳ್ಳು ಜೀನ್‌ಗಳಿಂದ ಚೂರು ಚೂರು ಅಕ್ಷರಗಳನ್ನು ನಕಲು ಮಾಡಿ ಒಳ್ಳೆಯ ಜೀನಿನೊಳಗೆ ಬರೆದುಕೊಳ್ಳುತ್ತದೆ. ಮತ್ತೆ ವಿಭಜನೆ, ಮತ್ತೆ ನಕಲು. ಹೀಗೆ ಒಂದೇ ಜೀನ್ ಲೆಕ್ಕವಿಲ್ಲದಷ್ಟು ರೂಪ ತಾಳುತ್ತದೆ. ಈ ಕೆಲಸ ಮರಿ ಇನ್ನೂ ಮೊಟ್ಟೆಯಲ್ಲಿರುವಾಗಲೇ ಶುರು. ಪರೀಕ್ಷೆ ಕಠಿಣ. ಬರ್ಸಾದಲ್ಲಿ ಹುಟ್ಟಿದ ನೂರು ಕಣಗಳಲ್ಲಿ ಹೊರಗೆ ಹೋಗುವುದು ಐದರಷ್ಟು, ಉಳಿದವು ಅಲ್ಲೇ ಸಾಯುತ್ತವೆ.

ಇದನ್ನು ಮಾಡುವ ಕಿಣ್ವದ ಹೆಸರು ಎಐಡಿ. ಅದೇ ಕಿಣ್ವ ನಮ್ಮಲ್ಲೂ ಇದೆ! ನಮ್ಮಲ್ಲಿ ಅದು ಬಳಕೆಯಾಗುವುದು ರೋಗಾಣು ಬಂದ ಮೇಲೆ, ಇರುವ ಪ್ರತಿಕಾಯವನ್ನು ಇನ್ನಷ್ಟು ಚೂಪು ಮಾಡಲು. ಕೋಳಿ ಅದನ್ನು ರೋಗ ಬರುವ ಮೊದಲೂ ಬಳಸುತ್ತದೆ, ಬಂದ ಮೇಲೂ ಬಳಸುತ್ತದೆ. ಇನ್ನು ನಿಮ್ಮ ಹಸು ಹಿಡಿದಿರುವ ದಾರಿ ಮೂರನೆಯದು. ದನಗಳ ಪ್ರತಿಕಾಯಗಳಲ್ಲಿ ಹತ್ತರಲ್ಲಿ ಒಂದರಷ್ಟರ ತುದಿ ವಿಪರೀತ ಉದ್ದ. ರೋಗಾಣುವನ್ನು ಮುಟ್ಟುವ ಆ ಭಾಗ ಮನುಷ್ಯರಲ್ಲಿ ಸಾಮಾನ್ಯವಾಗಿ ಹದಿನೈದು ಅಮೈನೋ ಆಮ್ಲದಷ್ಟು ಇದ್ದರೆ ದನದಲ್ಲಿ ಅರವತ್ತು ದಾಟುವುದೂ ಇದೆ. ಗಾಮಾ-ಡೆಲ್ಟಾ ಎಂಬ ಜಾತಿಯ ಟಿ ಕಣ ನಮ್ಮ ರಕ್ತದಲ್ಲಿ ಅಲ್ಪಸ್ವಲ್ಪ. ಕೋಳಿಯಲ್ಲಿ ಮತ್ತು ಎಳೆಗರುವಿನಲ್ಲಿ ಅದು ಧಾರಾಳ. ಇದರಲ್ಲಿ ಮೇಲು ಯಾವುದು, ಕೀಳು ಯಾವುದು?

ಇಷ್ಟು ಹೇಳಿದ ಮೇಲೆ ಕೋಳಿಯಲ್ಲಿ ಇಲ್ಲದ್ದನ್ನೂ ಹೇಳಬೇಕು. ನಮಗೆ ಕಾಲಿಗೆ ಗಾಯವಾದರೆ ತೊಡೆಸಂದಿಯಲ್ಲಿ ಗಂಟು ಕಟ್ಟುತ್ತದಲ್ಲ, ಆ ದುಗ್ಧಗ್ರಂಥಿಗಳು ಕೋಳಿಗೆ ಇಲ್ಲ. ಅದರ ಬದಲು ಗುಲ್ಮ, ಕರುಳಿನ ಗೋಡೆಯ ಗುಂಪುಗಳು, ಕಣ್ಣಿನ ಹಿಂದಿರುವ ಹಾರ್ಡೇರಿಯನ್ ಗ್ರಂಥಿ ಆ ಕೆಲಸ ಮಾಡುತ್ತವೆ. ಕೊಕ್ಕರೆ ರೋಗದ ಲಸಿಕೆಯನ್ನು ಮರಿಯ ಕಣ್ಣಿಗೆ ಒಂದು ಹನಿ ಬಿಡುವುದು ಯಾಕೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಉತ್ತರ ಆ ಗ್ರಂಥಿಯಲ್ಲಿದೆ. ಇನ್ನೊಂದು ಕೊರತೆ: ಕೆಲವು ವೈರಸ್‌ಗಳು ಕಣದೊಳಗೆ ಬಂದದ್ದನ್ನು ಗುರುತಿಸುವ ರಿಗ್-ಐ ಎಂಬ ಜೀನ್ ನಮ್ಮಲ್ಲಿದೆ, ಬಾತುಕೋಳಿಯಲ್ಲಿದೆ, ಕೋಳಿಯಲ್ಲಿ ಕಳೆದುಹೋಗಿದೆ. ಹಕ್ಕಿ ಜ್ವರದ ಎಷ್ಟೋ ತಳಿಗಳನ್ನು ಬಾತು ಹೊತ್ತು ತಿರುಗಿದರೂ ಕುಂದದೆ, ಅದೇ ತಳಿಗೆ ಕೋಳಿ ಗೂಡುಗಟ್ಟಲೆ ಸಾಯುವುದಕ್ಕೆ ಇದೂ ಒಂದು ಕಾರಣ. ಎರಡೂ ಹಕ್ಕಿಗಳೇ.

ಹತ್ತಿರದ ನೆಂಟಸ್ತನ ನೋಡಿ ಶಕ್ತಿ ಅಳೆಯಲು ಆಗುವುದಿಲ್ಲ ಎನ್ನುವುದಕ್ಕೆ ನಮ್ಮ ಜಿಲ್ಲೆಯವರಿಗೆ ದೂರದ ಉದಾಹರಣೆ ಬೇಕಿಲ್ಲ. ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ವೈರಸ್ ಅದು. ಉಣುಗು ಅದೇ, ವೈರಸ್ ಅದೇ. ಮುಸಿಯ, ಮಂಗ ಸಾಯುತ್ತವೆ. ಮನುಷ್ಯ ಜ್ವರ ಬಂದು ಮಲಗುತ್ತಾನೆ, ಹೆಚ್ಚಿನವರು ಏಳುತ್ತಾರೆ, ಕೆಲವರು ಏಳುವುದಿಲ್ಲ. ದನ ಮಾತ್ರ ಮೈತುಂಬ ಉಣುಗು ಹೊತ್ತು ಕಾಡು ಸುತ್ತಿ ಬಂದು ಕೊಟ್ಟಿಗೆಯಲ್ಲಿ ಆರಾಮಾಗಿ ಮೆಲುಕು ಹಾಕುತ್ತದೆ. ನಮಗೆ ಹತ್ತಿರದ ನೆಂಟ ಮಂಗ, ದನ ಅಲ್ಲ.

ನಿಮ್ಮ ಮೂರನೇ ಪ್ರಶ್ನೆ, ಲಸಿಕೆ ಹಾಕಿದರೂ ಮರಿ ಸತ್ತದ್ದು. ಇದಕ್ಕೆ ತಾಯಿಯಿಂದ ಮರಿಗೆ ಬರುವ ರಕ್ಷಣೆ ಅರ್ಥ ಆಗಬೇಕು. ಮನುಷ್ಯರಲ್ಲಿ ತಾಯಿಯ ಪ್ರತಿಕಾಯ ಹೊಟ್ಟೆಯಲ್ಲಿರುವಾಗಲೇ ಮಾಸಿನ ಮೂಲಕ ಮಗುವಿಗೆ ದಾಟುತ್ತದೆ. ಹಸುವಿನಲ್ಲಿ ಹಾಗೆ ದಾಟುವುದಿಲ್ಲ, ಮಾಸಿನ ಪದರಗಳು ದಪ್ಪ. ಕರು ಹುಟ್ಟುವಾಗ ಬರಿಗೈ. ಅದಕ್ಕೆ ಬೇಕಾದದ್ದೆಲ್ಲ ಗಿಣ್ಣು ಹಾಲಿನಲ್ಲಿರುತ್ತದೆ. ಆ ಪ್ರತಿಕಾಯವನ್ನು ಇಡಿಯಾಗಿ ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಇರುವುದು ಒಂದು ದಿನ ಮಾತ್ರ, ಅದೂ ಗಂಟೆ ಗಂಟೆಗೂ ಕಡಿಮೆ ಆಗುತ್ತಾ ಹೋಗುತ್ತದೆ. ನೆಂಟರಿಗೆಲ್ಲ ಗಿಣ್ಣು ಹಂಚುವ ಪದ್ಧತಿಗೆ ನನ್ನ ತಕರಾರಿಲ್ಲ, ನನಗೂ ಏಲಕ್ಕಿ ಹಾಕಿದ ಗಿಣ್ಣು ಇಷ್ಟವೇ. ಆದರೆ ಮೊದಲ ಕೆಲವು ಗಂಟೆಯದ್ದು ಕರುವಿಗೇ ಹೋಗಲಿ.

ಹೇಂಟೆ ತನ್ನ ಪ್ರತಿಕಾಯವನ್ನು ಮೊಟ್ಟೆಯ ಹಳದಿಯಲ್ಲಿ ತುಂಬುತ್ತದೆ. 1893ರಷ್ಟು ಹಿಂದೆಯೇ ಜರ್ಮನಿಯ ಫೆಲಿಕ್ಸ್ ಕ್ಲೆಂಪೆರರ್ ಇದನ್ನು ತೋರಿಸಿದ್ದರು. ಆ ಪ್ರತಿಕಾಯಕ್ಕೆ ಐಜಿವೈ ಎನ್ನುತ್ತಾರೆ. ನಮ್ಮಲ್ಲಿ ಅದೇ ಮೂಲದ ಜೀನ್ ಎರಡಾಗಿ ಒಡೆದು ಐಜಿಜಿ ಮತ್ತು ಐಜಿಇ ಆದವು. ಐಜಿಇ ಅಂದರೆ ಹುಳ, ಉಣುಗುಗಳ ವಿರುದ್ಧ ನಿಲ್ಲುವ ಪ್ರತಿಕಾಯ. ಅದೇ ಅತಿಯಾದರೆ ನಮಗೆ ಸೀನು, ದದ್ದು, ಉಬ್ಬಸ. ಕೋಳಿಗೆ ಐಜಿಇ ಇಲ್ಲ. ಇನ್ನೂ ಒಂದು ಸೊಗಸು ಇದೆ. ತಾಯಿಯ ಪ್ರತಿಕಾಯವನ್ನು ಹಿಡಿದು ಮಗುವಿಗೆ ದಾಟಿಸುವ ಪ್ರೋಟೀನ್ ಮನುಷ್ಯನ ಮಾಸಿನಲ್ಲಿ ಒಂದು, ಮೊಟ್ಟೆಯ ಹಳದಿಯ ಚೀಲದಲ್ಲಿ ಇನ್ನೊಂದು. ಎರಡಕ್ಕೂ ವಂಶದ ಸಂಬಂಧವೇ ಇಲ್ಲ. ಆದರೂ ಎರಡೂ ಹುಳಿ ಇರುವ ಕಡೆ ಪ್ರತಿಕಾಯವನ್ನು ಹಿಡಿದು, ಹುಳಿ ಇಲ್ಲದ ಕಡೆ ಬಿಟ್ಟುಕೊಡುತ್ತವೆ. 32 ಕೋಟಿ ವರ್ಷ ಬೇರೆ ಬೇರೆ ನಡೆದವರು ಒಂದೇ ಉಪಾಯಕ್ಕೆ ಬಂದು ಮುಟ್ಟಿದ್ದು ಹೀಗೆ.

ಈಗ ನಿಮ್ಮ ಮರಿಗಳ ಲೆಕ್ಕ. ತಾಯಿ ಕೋಳಿಗೆ ಕೊಕ್ಕರೆ ರೋಗದ, ಅಂದರೆ ರಾಣಿಖೇತ್‌ನ, ಲಸಿಕೆ ಆಗಿದ್ದರೆ ಮರಿಯ ರಕ್ತದಲ್ಲಿ ಮೊದಲ ಎರಡು ಮೂರು ವಾರ ತಾಯಿಯ ಐಜಿವೈ ಇರುತ್ತದೆ. ಆಗ ಹಾಕಿದ ಜೀವಂತ ಲಸಿಕೆಯ ವೈರಸ್ಸನ್ನು ಆ ಐಜಿವೈ ಸ್ವಲ್ಪ ಮಟ್ಟಿಗೆ ಕೊಂದುಬಿಡುತ್ತದೆ. ಮರಿಯ ಸ್ವಂತ ಬಿ ಕಣ ಪೂರ್ತಿ ಕಲಿಯುವುದಿಲ್ಲ. ಹಾಗೆಂದು ಐದನೇ ದಿನದ ಹನಿ ವ್ಯರ್ಥ ಅಲ್ಲ. ಕಣ್ಣಿಗೆ ಬಿಟ್ಟರೆ ಅಲ್ಲಿನ ಗ್ರಂಥಿಯಲ್ಲಿ ಸ್ಥಳೀಯ ರಕ್ಷಣೆ ಹುಟ್ಟುತ್ತದೆ. ಆದರೆ ಅದೊಂದೇ ಸಾಲದು. ನಿಮ್ಮ ಪತ್ರದಲ್ಲಿ ಮುಂದಿನ ಡೋಸಿನ ಸುದ್ದಿಯೇ ಇಲ್ಲ. 5–7ನೇ ದಿನ ಎಫ್-1 ಅಥವಾ ಲಸೋಟಾ ಎಂಬ ಲಸಿಕೆ, ನಾಲ್ಕು ವಾರದ ಹೊತ್ತಿಗೆ ಮತ್ತೊಮ್ಮೆ ಲಸೋಟಾ, ಎಂಟು ವಾರಕ್ಕೆ ರೆಕ್ಕೆಯ ಕೆಳಗೆ ಆರ್2ಬಿ ಇಂಜೆಕ್ಷನ್. ಆರ್2ಬಿ ಖಾರ ಜಾಸ್ತಿ ಇರುವ ಲಸಿಕೆ, ಆರು ವಾರದ ಒಳಗಿನ ಮರಿಗೆ ಬೇಡ.

ಎರಡನೆಯ ಅನುಮಾನ ಗಂಬೋರೋ. ಅಮೆರಿಕದ ಡೆಲವೇರ್‌ನ ಗಂಬೋರೋ ಎಂಬ ಕಡೆ ಮೊದಲು ಕಂಡು, 1962ರಲ್ಲಿ ವರದಿಯಾದ ರೋಗ ಇದು. ಇದರ ವೈರಸ್ ನೇರವಾಗಿ ಬರ್ಸಾಕ್ಕೇ ಹೋಗಿ ಅಲ್ಲಿ ಬೆಳೆಯುತ್ತಿರುವ ಬಿ ಕಣಗಳನ್ನು ಕೊಲ್ಲುತ್ತದೆ. ಮೂರರಿಂದ ಆರು ವಾರದ ಮರಿಗಳಲ್ಲಿ ಜೋರು. ಇನ್ನೂ ಎಳೆಯದರಲ್ಲಿ ಬಂದರೆ ಹೊರಗೆ ಏನೂ ಕಾಣದೆಯೂ ಇರಬಹುದು. ಆದರೆ ಆಮೇಲೆ ಆ ಮರಿಗೆ ಯಾವ ಲಸಿಕೆ ಹಾಕಿದರೂ ಸರಿಯಾಗಿ ಹಿಡಿಯುವುದಿಲ್ಲ. ಗ್ಲಿಕ್ ಕತ್ತರಿಯಿಂದ ಮಾಡಿದ್ದನ್ನು ಈ ವೈರಸ್ ಕತ್ತರಿ ಇಲ್ಲದೆ ಮಾಡುತ್ತದೆ. ಅಂಗಡಿಯಿಂದ ಗಿರಿರಾಜ ಅಥವಾ ಬೇರೆ ಮರಿ ತಂದು ನಾಟಿ ಮರಿಗಳ ಜೊತೆ ಬಿಟ್ಟಿದ್ದರೆ ಇದನ್ನು ಮೊದಲು ಯೋಚಿಸಬೇಕು. ಮುಂದೆ ಮರಿ ಸತ್ತರೆ ಹೂಳುವ ಮೊದಲು ಒಂದೆರಡನ್ನು ಐಸ್ ಮೇಲಿಟ್ಟು ಹತ್ತಿರದ ಪಶು ಆಸ್ಪತ್ರೆಗೆ, ಸಾಧ್ಯವಾದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಿರಿ. ಫ್ರೀಜರ್‌ನಲ್ಲಿ ಇಡಬೇಡಿ. ಬರ್ಸಾ ಊದಿದೆಯಾ, ಒಳಗೆ ರಕ್ತದ ಚುಕ್ಕೆ ಇದೆಯಾ, ಇಲ್ಲಾ ವಯಸ್ಸಿಗೆ ಮೀರಿ ಕುಗ್ಗಿದೆಯಾ ಎಂದು ಸೀಳಿ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಗಂಬೋರೋ ಇದೆ ಎಂದಾದರೆ ಮುಂದಿನ ತಂಡಕ್ಕೆ ಎರಡನೇ ವಾರದ ಆಸುಪಾಸಿನಲ್ಲಿ ಅದರ ಲಸಿಕೆಯೂ ಬೇಕು.

ನಾಟಿ ಕೋಳಿ ಗಟ್ಟಿ, ಅದಕ್ಕೆ ಲಸಿಕೆ ಬೇಡ ಎನ್ನುವವರೂ ನಿಮ್ಮ ಕಡೆ ಇದ್ದಾರೆ. ನಾನು ಒಪ್ಪುವುದಿಲ್ಲ. ಕೋಳಿಯಲ್ಲಿ ರೋಗಾಣುವಿನ ಚೂರನ್ನು ಟಿ ಕಣಕ್ಕೆ ತೋರಿಸುವ ಜೀನ್‌ಗಳ ಗುಂಪು ಬಹಳ ಚಿಕ್ಕದು. ನಮ್ಮಲ್ಲಿ ಆ ಪ್ರದೇಶದಲ್ಲಿ ಇನ್ನೂರಕ್ಕೂ ಜಾಸ್ತಿ ಜೀನ್ ಇದ್ದರೆ ಕೋಳಿಯಲ್ಲಿ ಹತ್ತೊಂಬತ್ತು ಎಂದು 1999ರಲ್ಲಿ ಲೆಕ್ಕ ಹಾಕಿದರು. ಅದರಲ್ಲಿ ಯಾವ ನಮೂನೆ ಒಂದು ಕೋಳಿಗೆ ಬಂದಿದೆ ಎನ್ನುವುದರ ಮೇಲೆ ಮಾರೆಕ್ ಎಂಬ ರೋಗಕ್ಕೆ ಅದು ಬದುಕುತ್ತದಾ ಸಾಯುತ್ತದಾ ಎನ್ನುವುದು ಎಷ್ಟೋ ಮಟ್ಟಿಗೆ ನಿಂತಿದೆ. ನಾಟಿ ಕೋಳಿಗಳ ಹಿಂಡಿನಲ್ಲಿ ನಮೂನೆಗಳು ಹಲವು, ಹಾಗಾಗಿ ಒಂದು ರೋಗಕ್ಕೆ ಎಲ್ಲವೂ ಸಾಯುವುದು ಕಡಿಮೆ. ಇಷ್ಟು ನಿಜ. ಆದರೆ ಕೊಕ್ಕರೆ ರೋಗದ ಜೋರಾದ ತಳಿ ಬಂದಾಗ ಈ ಲೆಕ್ಕ ನಡೆಯುವುದಿಲ್ಲ, ನಿಮ್ಮ ಬೇಸಿಗೆಯ ಅನುಭವವೇ ಹೇಳುತ್ತಿದೆ.

ಕೊನೆಗೆ ಲಸಿಕೆಯ ಬಾಟಲಿ ಎಲ್ಲಿತ್ತು ಎಂದು ಒಮ್ಮೆ ಯೋಚಿಸಿ. ಇದು ಜೀವಂತ ವೈರಸ್, 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಮಲೆನಾಡಿನಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಿಕ್ಕಾಗದು. ಫ್ರಿಜ್‌ನಲ್ಲಿದೆ ಎಂದ ಮಾತ್ರಕ್ಕೆ ತಣ್ಣಗಿತ್ತು ಎಂದಲ್ಲ. ಹಾಕಿಸುವ ದಿನವೇ ಐಸ್ ಹಾಕಿದ ಥರ್ಮಾಸ್ ಒಯ್ದು ತನ್ನಿ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಿ, ಉಳಿದದ್ದನ್ನು ನಾಳೆಗೆ ಎಂದು ಎತ್ತಿಡಬೇಡಿ. ಅಕ್ಕಪಕ್ಕದ ನಾಲ್ಕು ಮನೆಯವರು ಒಂದೇ ದಿನ ಗೊತ್ತು ಮಾಡಿಕೊಂಡರೆ ಬಾಟಲಿಯೂ ಪೂರ್ತಿ ಖರ್ಚಾಗುತ್ತದೆ, ಒಬ್ಬರ ಕೋಳಿಯಿಂದ ಇನ್ನೊಬ್ಬರ ಕೋಳಿಗೆ ಹರಡುವುದೂ ತಪ್ಪುತ್ತದೆ.